ಪ್ರಾರ್ಥಿಸಿ ಹೇಳ್ತೀನಿ, ಅಕ್ಕ

ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರ ಕೆಲಸ ಏನೆಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಅವರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಪಾಸ್ಟರ್ ಅಲ್ಲ, ಹಾಸ್ಟೆಲ್ಲಿನ ವಾರ್ಡನ್ನೂ ಅಲ್ಲ. ಆದರೂ ದಿನ ಬೆಳಗಾದರೆ ಹೆಗಲಿಗೊಂದು ದಪ್ಪ ಚೀಲ ಹಾಕಿಕೊಂಡು, ಕೈಯಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಅಲ್ಲಿಗೇ ಬರುತ್ತಿದ್ದರು. ಕ್ರೈಸ್ತ ವಿದ್ಯಾರ್ಥಿಗಳ ನಡುವೆ ಸೇವೆ ಮಾಡುವ ಒಂದು ಸಂಸ್ಥೆ ಅವರನ್ನು ಈ ಕೆಲಸಕ್ಕೆ ಇಟ್ಟಿತ್ತು. ಒಂಟಿಯಾಗಿ ಓಡಾಡುವ ಹುಡುಗ ಹುಡುಗಿಯರನ್ನು ಮಾತಾಡಿಸುವುದು, ವಾರಕ್ಕೊಮ್ಮೆ ಪ್ರಾರ್ಥನಾ ಕೂಟ ಸೇರಿಸುವುದು, ಪರೀಕ್ಷೆಯಲ್ಲಿ ಮುಗ್ಗರಿಸಿದವರ ಪಕ್ಕ ಸುಮ್ಮನೆ ಕೂರುವುದು, ಇಷ್ಟೇ. ಗೇಟಿನ ಕಾವಲುಗಾರನಿಗೆ ಇದನ್ನು ವಿವರಿಸಿ ವಿವರಿಸಿ ಅವರಿಗೆ ಸಾಕಾಗಿತ್ತು. ಕೊನೆಗೆ ಅವನೇ ತನಗೆ ತೋಚಿದಂತೆ ಅರ್ಥ ಮಾಡಿಕೊಂಡಿದ್ದ.

"ಏನ್ ಮೇಡಂ, ಈ ವರ್ಷಾನೂ ಪಾಸಾಗ್ಲಿಲ್ವಾ?"

"ನಾನು ಪಾಸಾದ್ರೆ ನಿಮ್ಮನ್ನ ಮಾತಾಡ್ಸೋರು ಯಾರು, ಅದಕ್ಕೇ ಇಲ್ಲೇ ಉಳ್ಕೊಂಡಿದ್ದೀನಿ" ಎಂದು ಅಕ್ಕ ಒಳಗೆ ನುಗ್ಗುತ್ತಿದ್ದರು.

ನಮ್ಮ ಕೂಟ ಸೇರುತ್ತಿದ್ದದ್ದು ಗ್ರಂಥಾಲಯದ ಹಿಂಬದಿಯ ಒಂದು ಕೋಣೆಯಲ್ಲಿ. ಹಿಂದೆ ಅದು ಭೂಗೋಳ ವಿಭಾಗದ ಉಗ್ರಾಣವಾಗಿತ್ತಂತೆ. ಸುತ್ತಿಟ್ಟ ಹಳೆಯ ನಕ್ಷೆಗಳು ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಕಿಟಕಿಯ ಒಂದು ಬಾಗಿಲು ತೆರೆಯುತ್ತಿರಲಿಲ್ಲ, ಇನ್ನೊಂದು ಮುಚ್ಚುತ್ತಿರಲಿಲ್ಲ. ಕಪ್ಪು ಹಲಗೆಯ ಮೇಲೆ ಯಾರೋ ಬರೆದ ಉದ್ದನೆಯ ಲೆಕ್ಕ, ಅದರ ಕೆಳಗೆ 'ಅಳಿಸಬೇಡಿ'. ಅಳಿಸಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ತಾಸು ಆ ಕೋಣೆ ನಮ್ಮದು.

ಅಕ್ಕನೂ ಒಂದು ಕಾಲದಲ್ಲಿ ಅಲ್ಲಿಯೇ ಓದಿದವರು. ಮೊದಲ ಸೆಮಿಸ್ಟರಿನಲ್ಲಿ ಅವರೊಂದಿಗೆ ಮಾತಾಡಿದ ಜೀವವೇ ಇರಲಿಲ್ಲವಂತೆ. ಪೆಟ್ಟಿಗೆ ಕಟ್ಟಿ ಮನೆಗೆ ಹೋಗಿಬಿಡೋಣ ಎಂದುಕೊಂಡಿದ್ದ ವಾರ ಆ ಕೋಣೆಯಿಂದ ಹಾಡು ಕೇಳಿಸಿ ಬಾಗಿಲಲ್ಲಿ ನಿಂತರಂತೆ. ಅದಕ್ಕೇ ಆ ಕೋಣೆಯ ವಿಷಯ ಬಂದರೆ ಅವರ ಧ್ವನಿ ಬೇರೆಯಾಗುತ್ತಿತ್ತು.

ನಾನು ಅಂತಿಮ ವರ್ಷದಲ್ಲಿದ್ದಾಗ ಆ ಕೋಣೆ ಕೈತಪ್ಪುವ ಸ್ಥಿತಿ ಬಂತು. ವಿದ್ಯಾರ್ಥಿ ಕಲ್ಯಾಣ ಅಧಿಕಾರಿ ಹೊಸ ನಿಯಮ ತಂದರು. ಯಾವ ಸಂಘವೇ ಆಗಲಿ, ಅದಕ್ಕೊಬ್ಬ ವಿದ್ಯಾರ್ಥಿ ಮುಖ್ಯಸ್ಥ ಇರಬೇಕು, ಅವರೇ ಬಂದು ಕೋಣೆ ಕೇಳಬೇಕು, ಹೊರಗಿನವರು ಕೇಳುವಂತಿಲ್ಲ. ತಿಂಗಳ ಕೊನೆಯೊಳಗೆ ಯಾರೂ ಬರದಿದ್ದರೆ ಕೋಣೆ ಚೆಸ್ ಸಂಘಕ್ಕೆ. ಹಿಂದಿನ ವರ್ಷ ಮುಖ್ಯಸ್ಥನಾಗಿದ್ದ, ನಾವು ಅಣ್ಣ ಎನ್ನುತ್ತಿದ್ದ ಹಿರಿಯ ವಿದ್ಯಾರ್ಥಿ ಓದು ಮುಗಿಸಿ ಹೋಗಿದ್ದ. ಒಬ್ಬರು ಒಪ್ಪಿಕೊಂಡರೆ ಮುಗಿಯಿತು, ಏನು ಮಹಾ ಎಂದು ಹೊರಗಿನವರಿಗೆ ಅನಿಸಬಹುದು. ನಮ್ಮವರ ರೋಗ ಅವರಿಗೆ ಗೊತ್ತಿಲ್ಲ.

ನಮ್ಮ ಕೂಟದಲ್ಲಿ ಯಾರೂ 'ಆಗಲ್ಲ' ಎನ್ನುತ್ತಿರಲಿಲ್ಲ. ಹಾಗೆಂದರೆ ದೇವರಿಗೇ ಆಗಲ್ಲ ಎಂದಂತೆ. 'ಆಗುತ್ತೆ' ಎಂದರೂ ಕಷ್ಟ, ಮಾಡಬೇಕಾಗುತ್ತದೆ. ಹಾಗಾಗಿ ಎಲ್ಲದಕ್ಕೂ ಒಂದೇ ಉತ್ತರ, "ಪ್ರಾರ್ಥಿಸಿ ಹೇಳ್ತೀನಿ, ಅಕ್ಕ." ಮುಂದಿನ ವಾರ ಹಾಡು ನಡೆಸುತ್ತೀಯಾ? ಪ್ರಾರ್ಥಿಸಿ ಹೇಳ್ತೀನಿ. ಬಿಸ್ಕತ್ತು ತರುತ್ತೀಯಾ? ಪ್ರಾರ್ಥಿಸಿ ಹೇಳ್ತೀನಿ. ಆಮೇಲೆ ಹೇಳುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲಿ ವಿಶ್ವವಿದ್ಯಾಲಯದ ಗೇಟು ದಾಟಿದವಳು ನಾನೇ ಮೊದಲು. ಹಳ್ಳಿಯಲ್ಲಿ ಪಕ್ಕದ ಮನೆಗೆ ಹೋಗಿ ಏಣಿ ಕೇಳಿದರೆ ಇದೆ, ಇಲ್ಲ, ಕೊಡಲ್ಲ, ಇವುಗಳಲ್ಲಿ ಒಂದು ಉತ್ತರ ಬಾಗಿಲಲ್ಲೇ ಸಿಗುತ್ತಿತ್ತು. ಇಲ್ಲಿಯ ಉತ್ತರ ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಅರ್ಥವಾದ ಮೇಲೆ ನಾನೂ ಅದನ್ನೇ ಹೇಳತೊಡಗಿದೆ.

ಮುಖ್ಯಸ್ಥರಾಗುವ ವಿಷಯಕ್ಕೂ ಅದೇ ಆಯಿತು. ಪಾಸ್ಟರ್ ಮಗನೆಂದೇ ಎಲ್ಲರೂ ಕರೆಯುತ್ತಿದ್ದ ಹುಡುಗನನ್ನು ಅಕ್ಕ ಮೊದಲು ಕೇಳಿದರು. ಪ್ರಾರ್ಥಿಸುತ್ತೇನೆ ಎಂದ. ಗಿಟಾರ್ ನುಡಿಸುವವನನ್ನು ಕೇಳಿದರು. ಅವನೂ ಪ್ರಾರ್ಥಿಸುತ್ತೇನೆ ಎಂದ. ಕಾನೂನು ಓದುತ್ತಿದ್ದ, ಯಾವ ಮಾತಿಗೂ ಎದುರು ಮಾತಾಡುತ್ತಿದ್ದ, ಎಲ್ಲರೂ ವಕೀಲೆ ಎನ್ನುತ್ತಿದ್ದ ಹುಡುಗಿಯನ್ನು ಕೇಳಿದರು. ಅವಳು ಕೂಡ. ನಾನೂ ಕೂಡ. ಹೀಗೆ ವಾರಗಳು ಉರುಳಿದವು.

ಒಮ್ಮೆ ಅಕ್ಕ ಗಿಟಾರ್ ಹುಡುಗನನ್ನು ಕ್ಯಾಂಟೀನಿನಲ್ಲಿ ಹಿಡಿದರು. ಜೊತೆಗೆ ನಾನಿದ್ದೆ.

"ಏನಪ್ಪಾ, ಏನಾಯ್ತು?"

"ಇಲ್ಲ ಅಕ್ಕ, ದೇವರು ಇನ್ನೂ ಈ ವಿಷಯ ನನ್ನ ಹತ್ರ ಮಾತಾಡಿಲ್ಲ."

"ಮಾತಾಡ್ಬೇಕು ಅಂದ್ರೆ ನೀನು ಎದ್ದಿರಬೇಕಲ್ಲಪ್ಪಾ. ಹನ್ನೊಂದು ಗಂಟೆವರೆಗೂ ಮಲಗಿದ್ರೆ ಆತ ಕಾದು ಕಾದು ಬೇರೆ ಕೆಲಸಕ್ಕೆ ಹೋಗಲ್ವಾ?"

ಅಕ್ಕನ ಯಜಮಾನರು ಶಾಲೆಯೊಂದರ ಬಸ್ ಓಡಿಸುತ್ತಿದ್ದರು. ಸಂಜೆ ಅಕ್ಕನನ್ನು ಕರೆದೊಯ್ಯಲು ಬಂದಾಗ ಗೇಟಿನ ಹೊರಗೆ ನಮ್ಮೊಂದಿಗೂ ನಾಲ್ಕು ಮಾತಾಡುತ್ತಿದ್ದರು. ಅವತ್ತು ಹೆಂಡತಿಯ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಇವತ್ತೂ ಯಾರೂ ಸಿಗ್ಲಿಲ್ವಾ?"

"ಎಲ್ಲಾ ಪ್ರಾರ್ಥನೆ ಮಾಡ್ತಿದ್ದಾರೆ."

"ನನ್ನ ಬಸ್ಸಲ್ಲಿ ಎಲ್‌ಕೆಜಿ ಮಕ್ಕಳು ಹತ್ತೋದಾದ್ರೆ ಹತ್ತುತ್ವೆ, ಇಲ್ಲಾಂದ್ರೆ ಅಳ್ತಾ ಕೆಳಗೆ ನಿಲ್ತವೆ. ನಿನ್ನೋರು ಎಂ.ಎ. ಓದ್ಕೊಂಡು ಫುಟ್‌ಬೋರ್ಡ್ ಮೇಲೆ ಜೋತಾಡ್ತಾರಲ್ಲೇ."

"ಸುಮ್ನೆ ಗಾಡಿ ತೆಗೀರಿ" ಎಂದರು ಅಕ್ಕ. ಆದರೆ ಆ ಮಾತು ಎಲ್ಲೋ ನಾಟಿತ್ತು ಎಂದು ಕಾಣುತ್ತದೆ.

ತಿಂಗಳ ಕೊನೆಯ ಗುರುವಾರ ಬಂತು. ಮಾರನೆಯ ದಿನ ಅಧಿಕಾರಿಯನ್ನು ಕಾಣದಿದ್ದರೆ ಕೋಣೆ ಹೋದಂತೆಯೇ. ನಾವೆಲ್ಲ ಕೂತಿದ್ದೆವು. ಪಾಸ್ಟರ್ ಮಗ ಅಭ್ಯಾಸಬಲದಿಂದ ಆಗಲೇ ತಲೆ ಬಗ್ಗಿಸಿ ಕಣ್ಣು ಮುಚ್ಚಿದ್ದ. ಅಕ್ಕ ಚೀಲವನ್ನು ಮೇಜಿನ ಮೇಲೆ ಧಪ್ಪನೆ ಇಟ್ಟರು.

"ಇವತ್ತು ಯಾರೂ ಪ್ರಾರ್ಥನೆ ಮಾಡಬಾರದು."

ಪಾಸ್ಟರ್ ಮಗ ಕಣ್ಣು ಬಿಟ್ಟ.

"ನೀನೂ ಅಷ್ಟೇ, ತಲೆ ಎತ್ತು. ದೇವರು ಎಲ್ಲೂ ಓಡಿ ಹೋಗಲ್ಲ, ಆಮೇಲೆ ಮಾತಾಡಿದ್ರಾಯ್ತು. ಈಗ ನನ್ನ ಹತ್ರ ಮಾತಾಡಿ. ನಾನು ಕೇಳ್ತೀನಿ. ಮಾಡ್ತೀನಿ ಅನ್ನಿ, ಇಲ್ಲಾ ಮಾಡಲ್ಲ ಅನ್ನಿ. ಬೇರೆ ಏನಾದ್ರೂ ಅಂದ್ರೆ ಚಹಾ ಇಲ್ಲ."

ಪ್ರಾರ್ಥನಾ ಕೂಟದಲ್ಲಿ ಪ್ರಾರ್ಥನೆ ಬೇಡ ಎಂದವರನ್ನು ನಾವು ಅವತ್ತೇ ಕಂಡದ್ದು. ಅವರಿಗೇ ತಮ್ಮ ಮಾತು ಕೇಳಿ ಗಾಬರಿಯಾದಂತಿತ್ತು. ಆದರೆ ಹಿಂದೆ ಸರಿಯಲಿಲ್ಲ.

ಪಾಸ್ಟರ್ ಮಗನ ಸರದಿ ಮೊದಲು. ಅವನು ಉಗುರು ನೋಡಿಕೊಂಡೇ ಹೇಳಿದ.

"ಮಾಡಲ್ಲ ಅಕ್ಕ. ನಮ್ಮಪ್ಪ ಎಲ್ಲರ ಮುಂದೆ ನಿಂತು ಮಾತಾಡಿ ಮಾತಾಡಿ ಮನೆಗೆ ಬಂದ್ರೆ ನಮ್ಮ ಹತ್ರ ಮಾತೇ ಇರಲ್ಲ. ನಂಗೆ ಜನರ ಮುಂದೆ ನಿಲ್ಲೋದೇ ಬೇಡ. ಹಿಂದೆ ಕೂರೋಕೆ ಬಿಟ್ರೆ ಕೂರ್ತೀನಿ."

ಎರಡು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಅಕ್ಕ ಅವನಿಗೆ ಚಹಾ ಬಗ್ಗಿಸಿ ಕೊಟ್ಟರು.

ಗಿಟಾರ್ ಹುಡುಗ ತಂತಿ ಕೆರೆಯುತ್ತ ಹೇಳಿದ, "ನಾನೂ ಮಾಡಲ್ಲ. ಹಾಡಂದ್ರೆ ಇಷ್ಟ, ಬರ್ತೀನಿ. ಮಿಕ್ಕಿದ್ದು ನಾನು ನಂಬ್ತೀನೋ ಇಲ್ವೋ ನಂಗೇ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ದೇ ಮುಂದೆ ನಿಂತ್ರೆ ಸುಳ್ಳಾಗತ್ತೆ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ?"

"ನೀವು ಬೇಜಾರು ಮಾಡ್ಕೋತೀರ ಅಂತ."

"ಈಗ ಬಹಳ ಖುಷಿಯಾಗಿದ್ದೀನಿ ನೋಡು" ಎಂದು ಅಕ್ಕ ಅವನಿಗೂ ಚಹಾ ಕೊಟ್ಟರು.

ನನ್ನದು ಸಣ್ಣ ಉತ್ತರ. ನಾಲ್ಕು ಜನರ ಮುಂದೆ ನನಗೆ ನಾಲಿಗೆ ಹೊರಳುವುದಿಲ್ಲ, ಅಧಿಕಾರಿ ಎಂದರೆ ಕೈಕಾಲು ತಣ್ಣಗಾಗುತ್ತವೆ, ಆಗಲ್ಲ ಎಂದೆ. ಹೇಳಿದ ಮೇಲೆ ಹೊತ್ತ ಹುಲ್ಲಿನ ಹೊರೆ ಇಳಿಸಿದಷ್ಟು ಹಗುರವಾಯಿತು.

ಉಳಿದವಳು ವಕೀಲೆ. ಅವಳು ಕೈಕಟ್ಟಿಕೊಂಡು ಕೂತಿದ್ದಳು.

"ನಂಗೆ ಮಾಡೋಕೆ ಇಷ್ಟ ಇದೆ. ಆದ್ರೆ ನಿಮ್ಮ ಕೆಳಗೆ ಮಾಡಲ್ಲ."

"ನನ್ನ ಕೆಳಗೆ ಅಂದ್ರೆ?"

"ಹೋದ ವರ್ಷ ಅಣ್ಣ ಹಾಡು ಆರಿಸಿದ್ರೆ ನೀವು ಬೇರೆ ಹಾಡು ಹಾಡಿಸಿದ್ರಿ. ಅವ್ರು ಪೋಸ್ಟರ್ ಬರೆದ್ರೆ ನೀವು ಮತ್ತೆ ಬರೆದ್ರಿ. ಅವ್ರು ಮಾತಾಡ್ತಿದ್ರೆ ಹಿಂದೆ ಕೂತು 'ಜೋರಾಗಿ, ಜೋರಾಗಿ' ಅಂತ ಕೈ ಮಾಡ್ತಿದ್ರಿ. ವಿದ್ಯಾರ್ಥಿಗಳೇ ನಡೆಸಬೇಕು ಅಂತ ನೀವೇ ಹೇಳೋದು, ನಡೆಸೋದೂ ನೀವೇ. ಹೆಸರಿಗೆ ಮುಖ್ಯಸ್ಥೆ ಆಗೋಕೆ ನಂಗೆ ಪುರುಸೊತ್ತಿಲ್ಲ. ನೀವು ಕೈ ಹಾಕಲ್ಲ ಅಂದ್ರೆ ಮಾಡ್ತೀನಿ."

ಅಕ್ಕನ ಕಿವಿ ಕೆಂಪಾಯಿತು. ಸಿಟ್ಟು ಬಂದದ್ದು ಎಲ್ಲರಿಗೂ ಕಾಣುತ್ತಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಮತ್ತೆ ತಿರುಗಿಸಿದರು.

"ನಾನು ಇದನ್ನ ಸ್ವಲ್ಪ ಪ್ರಾರ್ಥಿ..."

ಗಿಟಾರ್ ಹುಡುಗ ಮೊದಲು ನಕ್ಕ. ಆಮೇಲೆ ಪಾಸ್ಟರ್ ಮಗ, ಬಾಯಲ್ಲಿದ್ದ ಚಹಾ ಮೂಗಿಗೆ ಹತ್ತಿಸಿಕೊಂಡು. ಅಕ್ಕ ನಗಲಿಲ್ಲ. ತಲೆ ಕೆರೆದುಕೊಂಡರು. "ಆಯ್ತು ತಾಯಿ, ಕೈ ಹಾಕಲ್ಲ" ಎಂದರು. ಹಲ್ಲು ಕೀಳಿಸಿಕೊಂಡವರ ಮುಖ ಹೇಗಿರುತ್ತದೋ ಹಾಗಿತ್ತು.

ಮರುದಿನ ವಿದ್ಯಾರ್ಥಿ ಕಲ್ಯಾಣ ಕಚೇರಿಗೆ ಮೂವರು ಹೋದೆವು. ವಕೀಲೆ ಒಳಗೆ ಹೋದಳು, ಅಕ್ಕ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತೆವು. ಬಾಗಿಲು ಅರ್ಧ ತೆರೆದಿತ್ತು. ಫ್ಯಾನಿನ ಸದ್ದಿನ ನಡುವೆ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಅಧಿಕಾರಿ ಏನೋ ಕೇಳಿದರು, ವಕೀಲೆ ಅದಕ್ಕೆ ಅಡ್ಡ ಪ್ರಶ್ನೆ ಹಾಕಿದಳು.

"ಅಯ್ಯೋ, ವಾದ ಮಾಡ್ತಿದ್ದಾಳೆ" ಎಂದು ಅಕ್ಕ ಎದ್ದರು. ನಾನು ಅವರ ಸೆರಗು ಹಿಡಿದೆ. ಕೂತರು. ಮತ್ತೆ ಎದ್ದರು. ಒಳಗಿನಿಂದ ಅಧಿಕಾರಿ, "ಹೊರಗೆ ನಿಂತಿರೋದು ಯಾರು?" ಎಂದರು.

"ನಮ್ಮ ಅಕ್ಕ. ಅವರಿಗೆ ಇದರಲ್ಲಿ ಮಾತಿಲ್ಲ" ಎಂದಳು ವಕೀಲೆ.

ಅಕ್ಕ ಕೂತರು. ಸೀರೆಯ ನೆರಿಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅದು ಸುಕ್ಕುಗಟ್ಟಿತ್ತು. ಆ ಬಾಗಿಲಿನಾಚೆ ತಮ್ಮ ಕೋಣೆ ಉಳಿಯುತ್ತದೋ ಹೋಗುತ್ತದೋ ಎಂದು ತೀರ್ಮಾನವಾಗುತ್ತಿದ್ದಾಗ ಬಾಯಿ ಮುಚ್ಚಿಕೊಂಡು ಕೂರುವುದು ಅವರ ಸ್ವಭಾವಕ್ಕೆ ಒಗ್ಗದ ಕೆಲಸ.

ವಕೀಲೆ ನಗುತ್ತ ಹೊರಗೆ ಬಂದಳು. "ಕೋಣೆ ಸಿಕ್ತು."

ಅಕ್ಕ ಅವಳನ್ನು ಬಿಗಿದಪ್ಪಿಕೊಂಡರು.

"ಶನಿವಾರ ಬೆಳಗ್ಗೆ ಏಳೂವರೆಗೆ."

ಅಪ್ಪುಗೆ ಸಡಿಲವಾಯಿತು. "ಏನು?"

"ಶನಿವಾರ ಬೆಳಗ್ಗೆ. ಗುರುವಾರ ಚೆಸ್‌ನವರಿಗೆ ಬಿಟ್ಟುಕೊಟ್ಟೆ."

"ಬಿಟ್ಟುಕೊಟ್ಯಾ? ಅವ್ರು ಕಿತ್ಕೊಂಡ್ರಾ, ನೀನೇ ಕೊಟ್ಯಾ?"

"ನಾನೇ ಕೊಟ್ಟೆ. ಇಷ್ಟು ದಿನ ಅವ್ರು ಕಾರಿಡಾರ್‌ನಲ್ಲಿ ನೆಲದ ಮೇಲೆ ಕೂತು ಆಡ್ತಿದ್ರು. ಊಟದ ಬಿಡುವು ಬಿಟ್ರೆ ಅವರಿಗೆ ಬೇರೆ ಹೊತ್ತಿಲ್ಲ. ನಿಮಗೆ ಗೊತ್ತಿರ್ಲಿಲ್ವಾ?"

ಅಕ್ಕನಿಗೆ ಗೊತ್ತಿತ್ತು. ಪ್ರತಿ ಗುರುವಾರ ಆ ಹುಡುಗರ ಚೆಸ್ ಹಲಗೆ ದಾಟಿಕೊಂಡೇ ಅವರು ಕೋಣೆಗೆ ಬರುತ್ತಿದ್ದದ್ದು. ಮೆಟ್ಟಿಲು ಇಳಿಯುವಾಗ ನನ್ನ ಕಿವಿಯಲ್ಲಿ, "ಶನಿವಾರ ಏಳೂವರೆಗೆ ಕಾಗೆ ಕೂಡ ಬರಲ್ಲ ಕಣೇ" ಎಂದರು.

ಮೊದಲ ಶನಿವಾರ ಬಂದವರು ಕೆಲವೇ ಜನ. ಗಿಟಾರ್ ಹುಡುಗ ತಲೆ ಬಾಚದೆ ಬಂದು ಗೋಡೆಗೊರಗಿ ನಿದ್ದೆ ಹೋದ, ಹಾಡಿನ ಹೊತ್ತಿಗೆ ನಾನು ತಿವಿದು ಎಬ್ಬಿಸಬೇಕಾಯಿತು. ಪಾಸ್ಟರ್ ಮಗ ಎಲ್ಲರಿಗಿಂತ ಮೊದಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ನಮಗೆ ಪರಿಚಯವಿಲ್ಲದ ಇಬ್ಬರು ಬಂದಿದ್ದರು. ಪ್ರಯೋಗಾಲಯದಲ್ಲಿ ವಾರವೆಲ್ಲ ಮಧ್ಯಾಹ್ನ ಬಿಡುವೇ ಸಿಗದವರಂತೆ, ಶನಿವಾರ ಎಂದು ಕೇಳಿ ಬಂದರಂತೆ. ವಕೀಲೆ ಬೈಬಲ್ ವಾಕ್ಯ ಓದಿ, ಅದರ ಪರವಾಗಿ ಒಮ್ಮೆ, ವಿರುದ್ಧವಾಗಿ ಒಮ್ಮೆ ವಾದ ಮಾಡಿ, ತೀರ್ಪು ಕೊಡದೆ ಕೂತಳು. ಹೊಸಬರಲ್ಲಿ ಒಬ್ಬಳು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಅಕ್ಕನಿಗೆ ಬರುತ್ತಿತ್ತು. ವಕೀಲೆಗೆ ಬರಲಿಲ್ಲ. "ಗೊತ್ತಿಲ್ಲ, ಮುಂದಿನ ವಾರ ನೋಡ್ಕೊಂಡು ಬರ್ತೀನಿ" ಎಂದಳು. ಅಕ್ಕ ನನ್ನ ಪಕ್ಕದಲ್ಲಿ ಕೆಳತುಟಿ ಕಚ್ಚಿ ಕೂತಿದ್ದರು.

ಹೊರಗೆ ಬಂದ ಮೇಲೆ ಖಾಲಿ ಲೋಟಗಳನ್ನು ಚೀಲಕ್ಕೆ ತುರುಕುತ್ತ, "ಅಬ್ಬಬ್ಬಾ, ಎಷ್ಟು ಉದ್ದ ಮಾತಾಡ್ತಾಳೆ. ಆ ಪ್ರಶ್ನೆಗೆ ಒಂದು ನಿಮಿಷದ ಉತ್ತರ ಇತ್ತು" ಎಂದರು.

"ಹೇಳಬಹುದಿತ್ತಲ್ಲ ಅಕ್ಕ?"

"ಹೇಳಿದ್ರೆ ಆ ಹೊಸ ಹುಡುಗಿ ಮುಂದಿನ ವಾರ ಯಾಕೆ ಬರ್ತಾಳೆ?" ಎಂದು ಗೊಣಗಿದರು. "ನೀನೀಗ ಸುಮ್ನಿರು, ಹಾಲು ಒಲೆ ಮೇಲಿಟ್ಟು ಬಂದಿದ್ದೀನಿ, ಆರಿಸೋಕೆ ಮನೆಯವ್ರಿಗೆ ಹೇಳಿದ್ದೀನೋ ಇಲ್ವೋ ನೆನಪಿಲ್ಲ" ಎಂದು ಗೇಟಿನ ಕಡೆ ಓಡುನಡಿಗೆಯಲ್ಲಿ ಹೊರಟರು.