ಬಾಲದಿಂದ ಓದಿಸಿದವರು

ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಸದಾ ಸೀಮೆಸುಣ್ಣ ಮೆತ್ತಿರುತ್ತಿತ್ತು. ಬೋರ್ಡಿನ ತುಂಬ ಒಂದೇ ಒಂದು ಇಂಗ್ಲಿಷ್ ವೈದ್ಯಕೀಯ ಪದ ಬರೆದು, ಅದರ ತಲೆ, ನಡು ಎಲ್ಲ ಅಂಗೈಯಿಂದ ಮುಚ್ಚಿ, "ಮೊದ್ಲು ಬಾಲ ಓದ್ರೇ" ಅನ್ನುತ್ತಿದ್ದರು. "ಎಕ್ಟಮಿ ಅಂದ್ರೆ ಕಿತ್ತು ಹಾಕಿದ್ರು. ಆಟಮಿ ಅಂದ್ರೆ ಬರೀ ಕುಯ್ದ್ರು. ನೀವು ಬಾಲ ತಪ್ಪಿದ್ರೆ ಪೇಷಂಟಿಂದೊಂದು ಅಂಗ ಹೋಗುತ್ತೆ, ಹುಷಾರು!"

ಮುಳಬಾಗಿಲಿನ ಒಂದು ನರ್ಸಿಂಗ್ ಶಾಲೆಯಲ್ಲಿ ಅವರ ಪಾಠ. ನಾನು ಕೋಲಾರದಲ್ಲಿ ವರದಿಗಾರ. ಥೈರಾಯ್ಡ್ ತಪಾಸಣಾ ಶಿಬಿರದ ಸುದ್ದಿಯಲ್ಲಿ 'ಹೈಪೋ' ಎಂದಿರಬೇಕಾದ ಕಡೆ 'ಹೈಪರ್' ಎಂದು ಬರೆದಿದ್ದೆ. ಬೆಳಗ್ಗೆಯೇ ಮೇಡಂ ಅವರ ಫೋನ್ ಬಂತು.

"ಏನಪ್ಪಾ, ಕಮ್ಮಿ ಇರೋರಿಗೆಲ್ಲ ಜಾಸ್ತಿ ಮಾಡ್ಬಿಟ್ಟಿದ್ದೀಯಲ್ಲ! ಶನಿವಾರ ಬಂದು ನಮ್ಮ ಹುಡುಗೀರ ಜೊತೆ ಕೂತ್ಕೋ."

ತಿದ್ದುಪಡಿ ಪ್ರಕಟಿಸಿದೆ. ಹೋಗಿ ಕೂತೆ. ಆಮೇಲೆ ಶನಿವಾರ ತಪ್ಪಿಸಲಿಲ್ಲ.

ಆ ತರಗತಿಯಲ್ಲಿ ತಾಯಲೂರು ಕಡೆಯ ಹುಡುಗಿಯೊಬ್ಬಳಿದ್ದಳು. ಮನೆಮಾತು ತೆಲುಗು. ಉದ್ದದ ಪದ ಕಂಡರೆ ಬಾಯಿ ಕಟ್ಟುತ್ತಿತ್ತು. ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಈ ಸಲವೂ ಹೋದರೆ ಕೋರ್ಸನ್ನೇ ಬಿಡುವುದೆಂದು ತೀರ್ಮಾನಿಸಿದ್ದಳು. ಅಂದು ಬೋರ್ಡಿನಲ್ಲಿದ್ದದ್ದು ಹೈಪೋಗ್ಲೈಸೀಮಿಯಾ. ಎದ್ದು ನಿಂತು "ಐಪೋ..." ಅಂದಳು. ಇಡೀ ತರಗತಿ ನಕ್ಕಿತು. ಅವಳು ಬ್ಯಾಗ್ ಎತ್ತಿಕೊಂಡಳು.

"ನಿಂತ್ಕೊಳ್ಳೇ," ಎಂದರು ಮೇಡಂ. "ಮನೇಲಿ ಗ್ಯಾಸ್ ಖಾಲಿ ಆದ್ರೆ ನಿಮ್ಮಮ್ಮ ಏನಂತಾರೆ?"

"ಗ್ಯಾಸ್ ಐಪೋಯಿಂದಿ ಅಂತಾರೆ ಮೇಡಂ."

"ಇಲ್ಲೇನು ಐಪೋಯಿಂದಿ?"

ಅವಳು ಬೋರ್ಡ್ ನೋಡಿದಳು. "ಬಾಲ ಈಮಿಯಾ, ರಕ್ತ. ಗ್ಲೈಸ್... ರಕ್ತದಲ್ಲಿ ಸಕ್ಕರೆ?"

ಮೇಡಂ ಮೇಜು ಗುದ್ದಿದರು. "ಕೇಳಿಸ್ತೇನ್ರೇ, ನಕ್ಕೋರೆಲ್ಲ? ಪೂರ್ತಿ ಖಾಲಿ ಅಲ್ಲ, ಕಮ್ಮಿ ಆಗಿದೆ, ಅಷ್ಟು ತಿದ್ಕೋ. ಇನ್ನು ಬೇಕಿರೋದು ಹಕಾರ. ಅದು ಬರೀ ಗಾಳಿ ಕಣೇ, ಅಂಗೈ ಮೇಲೆ ಊದು!"

ನಲವತ್ತು ಹುಡುಗಿಯರು ಅಂಗೈ ಊದಿಕೊಳ್ಳುತ್ತ 'ಹೈ, ಹೈ' ಎಂದರು. ನಾನೂ ಊದಿದೆ.

ಹೋದ ವರ್ಷ ಮೇಡಂ ತೀರಿಕೊಂಡಾಗ ಸುದ್ದಿ ಬರೆದವನು ನಾನೇ. ಸೇವೆಯ ವಿವರ, ಅಂತ್ಯಕ್ರಿಯೆಯ ಸಮಯ ಎಲ್ಲ ಅದರಲ್ಲಿತ್ತು. ಆ ಹುಡುಗಿಯ ಪರೀಕ್ಷೆಯ ದಿನದ ಕಥೆ ಮಾತ್ರ ಇರಲಿಲ್ಲ.

ಅಂದು ಮೇಡಂ ಜೊತೆ ನಾನೂ ಕೊಠಡಿಯ ಹೊರಗೆ ಕಾಯುತ್ತಿದ್ದೆ. ಬಾಗಿಲು ತೆರೆದದ್ದೇ ಅವಳು ಓಡಿ ಬಂದಳು.

"ಪಾಸ್ ಅಂದ್ರು ಮೇಡಂ! ಪ್ಯಾನ್‌ಸೈಟೋಪೀನಿಯಾ ಕೇಳಿದ್ರು. ಪೀನಿಯಾ ಕೊರತೆ, ಸೈಟೋ ಕಣ, ಪ್ಯಾನ್ ಎಲ್ಲಾ. ರಕ್ತದ ಎಲ್ಲಾ ಥರದ ಕಣಾನೂ ಕಮ್ಮಿ ಅಂದೆ!"

ಮೇಡಂ ಹುಬ್ಬು ಗಂಟಿಕ್ಕಿದರು. "ಆ ಪದ ನಾನ್ಯಾವಾಗ ಹೇಳ್ಕೊಟ್ಟೆ?"

"ಹೇಳ್ಕೊಟ್ಟಿಲ್ಲ ಮೇಡಂ. ಇವತ್ತೇ ನೋಡಿದ್ದು."

ಮೇಡಂ ನನ್ನ ತೋಳು ಹಿಡಿದು ಅಲುಗಾಡಿಸಿಬಿಟ್ಟರು. "ಬರ್ಕೊಳ್ಳಪ್ಪಾ, ಬರ್ಕೋ! ನಾನು ಹೇಳ್ಕೊಡದೇ ಇರೋದನ್ನ ಓದ್ಬಿಟ್ಲು!"

ಬರೆದುಕೊಂಡೆ. ಅಚ್ಚಿಗೆ ಕೊಡಲು ಇಷ್ಟು ತಡವಾಯಿತು.