ಅತ್ತಿಗೆ ಕಾದ ಮರಿ

ನನ್ನ ಅತ್ತಿಗೆಯನ್ನು ಎದುರಿಗೆ ‘ನೀವು’ ಅನ್ನುತ್ತೇನೆ, ಹಿಂದಿನಿಂದ ‘ಅವಳು’. ಈಗ ಎದುರಿಗಿಲ್ಲ, ಹಾಗಾಗಿ ಅವಳು. ಅಣ್ಣನನ್ನು ಕಟ್ಟಿಕೊಂಡು ಬಂದ ಮರುದಿನವೇ ನಾನು ಗುಡಿಸಿದ ಕೋಣೆಯನ್ನು ಮತ್ತೆ ಗುಡಿಸಿದಳು. ಬೈಯಲಿಲ್ಲ. ಮಂಚದಡಿಯ ಕಸವನ್ನು ಹಳೇ ಪೇಪರಿನ ಮೇಲೆ ತಂದು ನನ್ನ ಮುಂದೆ ಹಿಡಿದಳು, ಅಷ್ಟೆ. ಅಂದಿನಿಂದ ಹದಿನೆಂಟು ವರ್ಷ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ.

ಅಣ್ಣ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಅವಳು ಅರಣ್ಯ ಇಲಾಖೆಯಲ್ಲಿ ಕಾವಲಿನ ಕೆಲಸಕ್ಕೆ ಸೇರಿ, ಒಂಬತ್ತು ವರ್ಷ ಬೆಟ್ಟದ ನೆತ್ತಿಯಲ್ಲಿ ಒಂದು ಜೋಡಿ ಹದ್ದನ್ನು ಕಾದಳು. ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುವ ಹಕ್ಕಿಗಳವು. ಹಿಂದಿನ ಸಲದ ಮರಿ ಬಿರುಗಾಳಿಗೆ ಗೂಡಿನಿಂದ ಬಿದ್ದು ಸತ್ತಿತ್ತು. ಈ ಸಲದ್ದಾದರೂ ರೆಕ್ಕೆ ಬಲಿತು ಹಾರಲಿ ಎಂಬುದೊಂದೇ ಅವಳ ಹಂಬಲ. ಮನೆಗೆ ಬಂದರೂ ಅದೇ ಪುರಾಣ: ಮರಿ ಇವತ್ತು ಎದ್ದು ನಿಂತಿತು, ಮರಿ ಇವತ್ತು ತಾನೇ ಮಾಂಸ ಹರಿದು ತಿಂದಿತು. ನನ್ನ ಮಗಳು ಪರೀಕ್ಷೆಯಲ್ಲಿ ಪಾಸಾದಾಗ ಬರೀ ‘ಹೂಂ’ ಅಂದ ಹೆಂಗಸು ಇವಳೇ.

ಆ ಹದ್ದುಗಳನ್ನು ಉಳಿಸಿ ಎಂದು ಸಿನಿಮಾ ಮಾಡಲು ಕಾಲೇಜಿನ ಐವರು ವಿದ್ಯಾರ್ಥಿಗಳು, ಜೊತೆಗೊಬ್ಬ ಮೇಷ್ಟ್ರು ಬಂದರು. ಒಂದು ಹಗಲಿಡೀ ಹತ್ತಬೇಕಾದ ಬೆಟ್ಟ. ಅಡುಗೆಗೆ ಬೇರೆ ಯಾರೂ ಒಪ್ಪದೆ ನನ್ನನ್ನು ಕರೆದರು. ಆ ಮಕ್ಕಳಿಗೋ, ಹೊಸ ಬೂಟು ಕಚ್ಚಿದ್ದೇ ದೊಡ್ಡ ಸುದ್ದಿ. ಬೆಟ್ಟವೇ ತಮಗಾಗಿ ಕಾಯುತ್ತಿತ್ತು ಎಂಬ ಹಾಗೆ ಮಾತಾಡುತ್ತಿದ್ದವು.

ಗೂಡಿನ ಮುಂದೆ ಎಲೆ ತುಂಬಿದ ಒಂದು ಕೊಂಬೆ ಅಡ್ಡ ಬಂದಿತ್ತು. ಬಿಸಿಲು ನೆತ್ತಿಗೇರಿದಾಗ ಮರಿಗೆ ಅದೇ ನೆರಳು. ಕಡಿಯಲು ಅತ್ತಿಗೆ ಬಿಡಲಿಲ್ಲ. ಬೆಳಗ್ಗೆ ಕೊಂಬೆಯನ್ನು ಹಗ್ಗದಿಂದ ಪಕ್ಕಕ್ಕೆ ಎಳೆದು ಕಟ್ಟುವುದು, ಚಿತ್ರ ತೆಗೆಯುವುದು, ಹತ್ತು ಗಂಟೆಗೆ ಬಿಚ್ಚಿ ಅದನ್ನು ಮೊದಲಿನ ಜಾಗಕ್ಕೆ ಬಿಡುವುದು. ಕಟ್ಟುವವಳೂ ಅವಳೇ, ಬಿಚ್ಚುವವಳೂ ಅವಳೇ.

ನಾಲ್ಕನೇ ದಿನ ಬೆಳಗ್ಗೆಯೇ ನನ್ನ ಒಲೆಯ ಹೊಗೆ ಗೂಡಿನ ಕಡೆ ಹೋಯಿತು. ಅವಳು ದಡದಡ ಬಂದವಳೇ ಅರ್ಧ ಬೆಂದ ಆಲೂಗಡ್ಡೆಯ ಪಾತ್ರೆ ಇಳಿಸಿ, ಒಲೆಗೆ ಒಂದು ಬಕೆಟ್ ನೀರು ಸುರಿದಳು. “ಇಷ್ಟು ವಯಸ್ಸಾದ್ರೂ ಗಾಳಿ ಯಾವ ಕಡೆ ಬೀಸುತ್ತೆ ಅಂತ ತಿಳಿಯಲ್ವಾ ನಿಂಗೆ?” ಅಂದಳು. ಐದೂ ಮಕ್ಕಳು ತಟ್ಟೆ ಹಿಡಿದು ನೋಡುತ್ತಿದ್ದವು. ಒಂದು ಕಿಸಕ್ಕೆಂದಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ, ಚಿತ್ರೀಕರಣದ ಅನುಮತಿ ಮುಂದುವರಿಸಲು ಇಬ್ಬರ ಸಹಿಯೂ ಬೇಕೆಂದು ಅವಳೂ ಮೇಷ್ಟ್ರೂ ಎರಡು ಗಂಟೆ ನಡಿಗೆಯ ಅರಣ್ಯ ಚೌಕಿಗೆ ಇಳಿದರು. ಹತ್ತಕ್ಕೆ ಸರಿಯಾಗಿ ಹಗ್ಗ ಬಿಚ್ಚಿ ಎಂದು ಮಕ್ಕಳಿಗೆ ಮೂರು ಸಲ ಹೇಳಿಯೇ ಹೋದಳು.

ಹತ್ತಕ್ಕೆ ಕ್ಯಾಮೆರಾದ ಹುಡುಗಿ ನನ್ನ ಹತ್ತಿರ ಬಂದಳು. “ಆಂಟಿ, ತಾಯಿಹಕ್ಕಿ ಇನ್ನೂ ಬಂದಿಲ್ಲ. ಊಟ ಕೊಡೋದು ಸಿಕ್ಕಿದ್ರೆ ಸಾಕು. ಹಗ್ಗ ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಬಿಡ್ಲಾ?”

“ಬಿಡಮ್ಮ. ಅವಳದ್ದು ಎಲ್ಲಾದಕ್ಕೂ ಅತಿ. ಒಂದು ದಿನ ಬಿಸಿಲು ಬಿದ್ರೆ ಕರಗಿಹೋಗುತ್ತಾ?” ಅಂದೆ.

ಹನ್ನೆರಡಕ್ಕೆ ಅದೇ ಹುಡುಗಿ ಕುಣಿಯುತ್ತ ಬಂದಳು. “ಮರಿ ರೆಕ್ಕೆ ಬಿಡಿಸ್ಕೊಂಡು, ಬಾಯಿ ತೆಕ್ಕೊಂಡು ಕೂತಿದೆ ಆಂಟಿ. ಹಾರೋದು ಕಲೀತಿದೆ. ಎಲ್ಲಾ ರೆಕಾರ್ಡ್ ಆಗ್ತಿದೆ.”

ನಾನು ಕೋಳಿ ಸಾಕಿದವಳು. ರೆಕ್ಕೆ ಅಗಲಿಸಿ ಬಾಯಿ ಬಿಡುವ ಕೋಳಿಯನ್ನು ತಕ್ಷಣ ನೆರಳಿಗೆ ಹಾಕಬೇಕೆಂದು ನನಗೆ ಚೆನ್ನಾಗಿ ಗೊತ್ತು. ಅವಳು ಬಂದು ನೋಡಲಿ, ಒಂದು ದಿನವಾದರೂ ಅವಳ ಹೊಟ್ಟೆ ಉರಿಯಲಿ ಅನ್ನಿಸಿತು. ಸಾಯುತ್ತದೆ ಎಂದುಕೊಂಡಿರಲಿಲ್ಲ. “ಹೌದಾ, ಒಳ್ಳೇದಾಯ್ತು” ಅಂದು ಈರುಳ್ಳಿ ಹೆಚ್ಚಿದೆ.

ಮೂರು ಗಂಟೆಗೆ ಅತ್ತಿಗೆ ವಾಪಸು ಬಂದಾಗ ಮರಿಯ ಕತ್ತು ಗೂಡಿನಂಚಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಅವಳು ಮೊದಲು ಹಗ್ಗ ಬಿಚ್ಚಿದಳು. ಕೊಂಬೆ ತನ್ನ ಜಾಗಕ್ಕೆ ಹೋಗಿ ನಿಂತ ಮೇಲೆ ಬಂಡೆಯ ಮೇಲೆ ಕುಸಿದು ಕೂತಳು.

ಎರಡು ದಿನದ ಬಳಿಕ ಅಧಿಕಾರಿ ವಿಚಾರಣೆಗೆ ಬಂದರು. ಹುಡುಗಿ ಬಿಕ್ಕುತ್ತ, “ಸರ್, ಅಡುಗೆ ಆಂಟಿ...” ಎಂದು ಶುರುಮಾಡಿದಳು.

ಅತ್ತಿಗೆ ನಡುವೆ ಬಾಯಿಹಾಕಿದಳು. “ಹಗ್ಗ ಬಿಚ್ಚೋ ಕೆಲಸ ನಂದು ಸರ್. ಬಿಟ್ಟು ಹೋಗಿದ್ದು ನಾನು. ಹಾಗೇ ಬರ್ಕೊಳ್ಳಿ.”

ಹಾಗೇ ಬರೆದುಕೊಂಡರು. ಅವಳನ್ನು ಬೆಟ್ಟದಿಂದ ಇಳಿಸಿ, ತಪ್ಪಲಿನ ಗೇಟಿನಲ್ಲಿ ವಾಹನಗಳ ನಂಬರು ಬರೆಯಲು ಕೂರಿಸಿದರು.

ಅವಳು ಮನೆಗೆ ಬಂದ ದಿನ ತಡೆಯಲಾರದೆ ಕೇಳಿದೆ. “ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅತ್ತಿಗೆ?”

“ನಿನ್ನ ಉಳಿಸೋಕೆ ಅಂದ್ಕೊಂಡ್ಯಾ?” ಅವಳು ನನ್ನ ಮುಖ ನೋಡಲಿಲ್ಲ. “ನಿನ್ನ ಹೆಸರು ಬಂದಿದ್ರೆ ಅತ್ತಿಗೆ ನಾದಿನಿ ಜಗಳ ಅಂತ ಬರೀತಿದ್ರು. ಆ ಮರಿ ಅಷ್ಟು ಸಣ್ಣ ವಿಷಯಕ್ಕೆ ಸತ್ತಿತು ಅಂತ ಎಲ್ಲೂ ಬರೆದಿರೋದು ನಂಗೆ ಬೇಡ.”

ನಾನು ಅಡುಗೆಮನೆ ಕಡೆ ತಿರುಗಿದೆ. ಅವಳು ತಡೆದು ಕೇಳಿದಳು.

“ಆ ಹುಡುಗಿ ನಂಗೆಲ್ಲಾ ಹೇಳಿದ್ಲು. ಬಾಯಿ ತೆಕ್ಕೊಂಡು ಕೂತಿದೆ ಅಂತ ಅವಳು ಬಂದು ಹೇಳಿದಾಗ ನಿಂಗೆ ಗೊತ್ತಾಯ್ತಾ?”

ಇಲ್ಲ ಅನ್ನಬಹುದಿತ್ತು. “ಗೊತ್ತಾಯ್ತು” ಅಂದೆ.

ಅವಳು ತಲೆಯಾಡಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತಿಗೂ ಅವಳನ್ನು ಕಂಡರೆ ನನಗಾಗುವುದಿಲ್ಲ. ಮುಂಚೆ ತಪ್ಪು ಅವಳದಾಗಿತ್ತು.