ಕೂಸು ಎರೆಯುವ ಸುಗಲಾಬಾಯಿಯ ಉಸಿರು

ನಾನು ಸುಗಲಾಬಾಯಿಯನ್ನು ಮೊದಲ ಸಲ ಕಂಡ ದಿನ ಆಕೆ ಅಕ್ಕಲಕೋಟೆಯ ಒಂದು ದವಾಖಾನೆಯಲ್ಲಿ ಡಾಕ್ಟರರ ಮೇಲೆ ಹರಿಹಾಯುತ್ತಿದ್ದಳು.

"ಬೀಡಿ ಸೇದ್ತೀರೇನು ಅಂತ ಕೇಳ್ತೀರಲ್ರಿ! ನಮ್ಮ ಮನ್ಯಾಗ ಗಂಡಸರೂ ಸೇದಂಗಿಲ್ಲ."

ಅರವತ್ತರ ಹತ್ತಿರದ ಆಕೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತನ್ನೂರಾದ ವಾಗದರಿಯಲ್ಲಿ ಹಸಿಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದರಲ್ಲಿ ಆಕೆಯದು ದೊಡ್ಡ ಹೆಸರು. ಎರೆದ ಮೇಲೆ ಕೆಂಡಕ್ಕೆ ಅಜವಾನವೆಂಬ ಓಮಿನಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಕೂಸನ್ನು ಆ ಹೊಗೆಗೆ ಹಿಡಿಯುವುದು ಪದ್ಧತಿ. ಈಗ ಸ್ವಂತ ಮೊಮ್ಮಗಳು ಹುಟ್ಟಿದ್ದಳು. ಸೊಸೆ ರೂಪಾಲಿ ಮಾತ್ರ, "ಹೊಗಿ ಹಾಕಂಗಿಲ್ಲ ಅಂದ್ರ ಕೂಸು ಕೊಡ್ತೀನ್ರಿ ಅತ್ತಿ, ಇಲ್ಲಾಂದ್ರ ನಾನ ಎರೀತೀನಿ" ಎಂದು ಹಟ ಹಿಡಿದಿದ್ದಳು. ಊರ ಕೂಸುಗಳನ್ನೆಲ್ಲ ಎರೆದ ಕೈಗೆ ಮನೆಯ ಕೂಸು ಸಿಕ್ಕಿರಲಿಲ್ಲ.

ಡಾಕ್ಟರರು ಸಿಟ್ಟಾಗದೆ, "ಸಣ್ಣಾಕಿ ಇದ್ದಾಗ ಎಲ್ಲಿ ಮಲಗ್ತಿದ್ರಿ?" ಎಂದರು. ಇಂಥ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ನೆನಪಿಲ್ಲದ್ದರಿಂದ, ತಿಳಿದೇ ಬಿಡಬೇಕೆಂದು ಭಂಡಾರಕವಠೆಯಲ್ಲಿದ್ದ ಅಣ್ಣ ಕಲ್ಲಣ್ಣನ ಬಳಿ ಹೋದಳು.

"ಕುರಿಮರಿ ಸಂಗಾಟ ಬುಟ್ಟಿ ಒಳಗ" ಎಂದು ಕಲ್ಲಣ್ಣ ನಕ್ಕ. "ಸೊಳ್ಳಿ ಕಡೀತಾವಂತ ಅವ್ವ ಸೆಗಣಿ ಕುಳ್ಳಿನ ಹೊಗಿ ಹಾಕ್ತಿದ್ಲು. ಮರಿ ಕೆಮ್ಮಿದ್ರ ಅಪ್ಪ ಎತ್ತಿ ಹೊರಗ ಕಟ್ಟಾಂವ. ನೀ ಕೆಮ್ಮಿದ್ರ ಬೀರೋಬಾ ದೇವರ ಭಂಡಾರದ ಅರಿಷಿಣ ಹಚ್ಚಿ ಮತ್ತ ಅಲ್ಲೇ ಮಲಗಸ್ತಿದ್ರು. ಎರಡ ಸಲ ಎದಿ ಗೊರಗೊರ ಅಂದು, ನೀ ಉಳಿಯಂಗಿಲ್ಲ ಅಂದಿದ್ವಿ."

"ನನಗಿಂತ ಮರಿ ಹೆಚ್ಚಾತೇನೋ?"

"ಮರಿ ಸಂತ್ಯಾಗ ಮಾರಾಟ ಆಗ್ತಿತ್ತು. ನಿನ್ನ ಯಾರು ಕೊಳ್ತಿದ್ರು!"

ಮರಳಿ ಡಾಕ್ಟರರ ಬಳಿಗೆ ಬಂದು, ಅಣ್ಣ ಅಂದದ್ದನ್ನೂ ತಾನು ಕೂಸುಗಳಿಗೆ ಹೊಗೆ ಹಾಕುವುದನ್ನೂ ಹೇಳಿದಳು. "ಅಷ್ಟು ಹಳೇ ಹೊಗಿ ಇನ್ನೂ ಎದ್ಯಾಗ ಇರ್ತದೇನ್ರಿ?"

"ಹೊಗಿ ಇರಂಗಿಲ್ಲ. ಆದ್ರ ಮೊದಲ ಎರಡ್ಮೂರು ವರ್ಷ ಶ್ವಾಸಕೋಶ ಬೆಳಿಯೂ ಕಾಲ. ಆಗ ಪೆಟ್ಟು ಬಿದ್ರ ಬೆಳವಣಗಿ ಕಡಿಮಿ ಉಳೀಬಹುದು, ವಯಸ್ಸಾದಾಗ ಗೊತ್ತಾಗ್ತದ. ಅದೊಂದ ಕಾರಣ ಅನ್ನಂಗಿಲ್ಲ. ಕೂಸು ಎರಿಯುವಾಗ ನೀವೂ ಹೊಗಿ ಕುಡದೀರಿ."

"ನಾ ಹೊಗಿ ಹಾಕಿದ ಕೂಸುಗಳು?"

"ಎಲ್ಲಾರಿಗೂ ಹಿಂಗ ಆಗ್ತದಂತಲ್ಲ. ಮುಂದ ಹಾಕಬ್ಯಾಡ್ರಿ."

ಮನೆಗೆ ಬಂದವಳೇ ರೂಪಾಲಿಯ ಕಣ್ಣೆದುರಿಗೇ ಹೊಗೆ ಹಾಕುವ ಕೆಂಡದ ಮೇಲೆ ಚೊಂಬು ನೀರು ಸುರಿದಳು. ರೂಪಾಲಿ ಕೂಸನ್ನು ತಂದು ಅತ್ತೆಯ ಕಾಲ ಮೇಲೆ ಮಲಗಿಸಿದಳು.

ಈಗಲೂ ಸುಗಲಾಬಾಯಿ ಎರೆಯುತ್ತಾಳೆ, ಹೊಗೆಯಿಲ್ಲದೆ. ಕೆಲವು ಅಜ್ಜಿಯರು ಆಕೆಯನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಬಿಡುವಾದಾಗ, ಹಿಂದೆ ತಾನು ಎರೆದವರ ಮನೆಗಳಿಗೆ ಹೋಗುತ್ತಾಳೆ. ಮೊನ್ನೆ ಹತ್ತು ವರ್ಷದ ಸ್ನೇಹಲಳನ್ನು ಅಂಗಳದಲ್ಲಿ ಮೂರು ಸುತ್ತು ಓಡಿಸಿ, ಹತ್ತಿರ ಕೂರಿಸಿಕೊಂಡು, ಅವಳ ಉಸಿರು ಕೇಳಲು ಬೆನ್ನಿಗೆ ಕಿವಿ ಹಚ್ಚಿದ್ದಳು.